ಗಾಮಾ ಪೈಲ್ವಾನರ ಊಟದ ಲೆಕ್ಕ

ನಮ್ಮ ಮನೆಯಲ್ಲಿ ಯಾರಾದರೂ ಸ್ವಲ್ಪ ಎದೆ ಉಬ್ಬಿಸಿ ನಡೆದರೆ ಸಾಕು, ದೊಡ್ಡ ಗಾಮಾ ಪೈಲ್ವಾನ್ ಬಂದ ನೋಡಿ ಎಂದು ದಾದಿ ನಗುತ್ತಾರೆ. ನಾವು ಮನೆಯಲ್ಲಿ ಉರ್ದು ಮಾತಾಡುವವರು. ಆದರೆ ಶರಣಸಿರಸಗಿಯಲ್ಲಿ ನಮ್ಮ ಓಣಿಯ ಕನ್ನಡದ ಮನೆಗಳಲ್ಲೂ ಇದೇ ಮಾತು ಇದೆ. ಒಬ್ಬ ಮನುಷ್ಯ ತೀರಿಕೊಂಡು ಅರವತ್ತು ವರ್ಷದ ಮೇಲಾದರೂ ಎರಡು ಭಾಷೆಗಳಲ್ಲಿ ಅವರ ಹೆಸರು ಉಳಿದಿದೆ ಎಂದರೆ ಅವರು ಯಾರು, ಹೇಗೆ ಬದುಕಿದರು ಎಂದು ತಿಳಿಯಬೇಕು ಅನಿಸಿತು. ಅದಕ್ಕೇ ಈ ಲೇಖನ.

ಅವರ ಪೂರ್ತಿ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್. 1878ರಲ್ಲಿ ಪಂಜಾಬಿನ ಅಮೃತಸರದ ಕಡೆ, ಕಾಶ್ಮೀರಿ ಮೂಲದ ಪೈಲ್ವಾನರ ಮನೆತನದಲ್ಲಿ ಹುಟ್ಟಿದರು. ಸುಮಾರು ಆರು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಮೊದಲು ನಾನಾ, ಅವರ ನಂತರ ಮಾಮು ಇವರನ್ನು ಸಾಕಿ ಕುಸ್ತಿ ಕಲಿಸಿದರು. ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ನಮ್ಮ ಭಾಗದ ಕನ್ನಡದಲ್ಲಿ ತಾಲೀಮು ಎಂದರೆ ಪೈಲ್ವಾನರು ಸಾಮು ಮಾಡುವ ಜಾಗ. ಉಸ್ತಾದ್ ಎಂಬ ಮಾತು ಮದರಸಾದಲ್ಲೂ ಇದೆ, ಗರಡಿ ಮನೆಯಲ್ಲೂ ಇದೆ. ಗಾಮಾ ಅವರಿಗೆ ಈ ಎರಡು ತಾಲೀಮುಗಳು ಬೇರೆಬೇರೆ ಆಗಿರಲಿಲ್ಲ, ಇದ್ದದ್ದು ಒಂದೇ.

1888ರಲ್ಲಿ ಜೋಧಪುರದ ಮಹಾರಾಜರು ದೇಶದ ಪೈಲ್ವಾನರನ್ನೆಲ್ಲ ಕರೆಸಿ ಬಸ್ಕಿ ಹೊಡೆಯುವ ಸ್ಪರ್ಧೆ ಇಟ್ಟರು. ಬಂದವರು ನಾನೂರಕ್ಕಿಂತ ಹೆಚ್ಚು. ಕೊನೆಯವರೆಗೆ ನಿಂತ ಹದಿನೈದು ಜನರಲ್ಲಿ ಹತ್ತು ವರ್ಷದ ಗಾಮಾ ಒಬ್ಬರು. ಆ ವಯಸ್ಸು ನೋಡಿ ಮಹಾರಾಜರು ಅವರನ್ನೇ ಗೆದ್ದವರೆಂದು ಸಾರಿದರು. ಮುಂದೆ ದತಿಯಾ ಸಂಸ್ಥಾನದ ರಾಜರು ತಮ್ಮ ಆಶ್ರಯಕ್ಕೆ ಕರೆದುಕೊಂಡರು. ಈ ಆಶ್ರಯ ಎಂಬ ಶಬ್ದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡವರಾದ ಮೇಲೆ ಅವರು ದಿನಕ್ಕೆ ಐದು ಸಾವಿರ ಬಸ್ಕಿ, ಮೂರು ಸಾವಿರ ದಂಡ ಹೊಡೆಯುತ್ತಿದ್ದರಂತೆ. ಹತ್ತು ಲೀಟರ್ ಹಾಲು, ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ ಬಾದಾಮಿ, ಮೇಲೆ ತುಪ್ಪ, ಮಾಂಸ, ಹಣ್ಣಿನ ರಸ. ಹೇಳುವವರು ಸ್ವಲ್ಪ ಸೇರಿಸಿಯೇ ಹೇಳಿರಬಹುದು. ಆದರೂ ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಹಾಕದೆ ಬಿಡಲಾಗಲಿಲ್ಲ. ಹಾಲು ತಿಂಗಳಿಗೆ 300 ಲೀಟರ್, ಲೀಟರಿಗೆ 50 ರೂಪಾಯಿ ಹಿಡಿದರೆ 15,000. ಬಾದಾಮಿ ತಿಂಗಳಿಗೆ 20 ಕಿಲೋ, ಕಿಲೋಗೆ 800 ಹಿಡಿದರೆ 16,000. ಮಾಂಸ, ತುಪ್ಪ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಬ್ಬ ಮನುಷ್ಯನ ಹೊಟ್ಟೆಗೆ ಇವತ್ತಿನ ದರದಲ್ಲಿ 31,000 ರೂಪಾಯಿ! ನಮ್ಮ ಮನೆಯಲ್ಲಿ ಆರು ಜನ ಅದರ ಅರ್ಧದಲ್ಲಿ ತಿಂಗಳು ಕಳೆಯುತ್ತೇವೆ.

ಬರೋಡಾದ ಮ್ಯೂಸಿಯಂನಲ್ಲಿ ಒಂದು ಕಲ್ಲಿದೆ. 1902ರಲ್ಲಿ ಗಾಮಾ ಅದನ್ನು ಎತ್ತಿದರು, ತೂಕ 1200 ಕಿಲೋ ಎನ್ನುತ್ತಾರೆ. ಕಲಬುರಗಿಯ ತೊಗರಿ ಮಾರುಕಟ್ಟೆಯಲ್ಲಿ ಒಂದು ಕ್ವಿಂಟಲ್ ಚೀಲ ಹೊರುವ ಹಮಾಲರನ್ನೇ ಊರು ಗಟ್ಟಿಗರು ಅನ್ನುತ್ತಿತ್ತು. ಹನ್ನೆರಡು ಕ್ವಿಂಟಲ್ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಆದರೆ ಕಲ್ಲಿನ ಕಥೆ ಇಲ್ಲದಿದ್ದರೂ ಗಾಮಾ ದೊಡ್ಡವರೇ, ಅದಕ್ಕೆ 1910 ಸಾಕು.

ಆ ವರ್ಷ ಬಂಗಾಳದ ಶ್ರೀಮಂತರೊಬ್ಬರ ಹಣದಲ್ಲಿ ಅವರು ತಮ್ಮ ಇಮಾಮ್ ಬಕ್ಷ್ ಜೊತೆ ಲಂಡನ್‌ಗೆ ಹೋದರು. ಗಾಮಾ ಅವರ ಎತ್ತರ ಐದು ಅಡಿ ಏಳೆಂಟು ಇಂಚು ಅಷ್ಟೇ. ಅಲ್ಲಿಯ ಟೂರ್ನಿಯವರು ಇಷ್ಟು ಕುಳ್ಳಗಿನವರನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ಆಗ ಗಾಮಾ ಬಹಿರಂಗ ಸವಾಲು ಹಾಕಿದರು. ಎಷ್ಟೇ ತೂಕದವರಿರಲಿ, ಮೂವರು ಪೈಲ್ವಾನರನ್ನು ಅರ್ಧ ಗಂಟೆಯೊಳಗೆ ಕೆಡವುತ್ತೇನೆ ಎಂದು. ಜನ ಇದನ್ನು ಬರೀ ಬಡಾಯಿ ಎಂದುಕೊಂಡರು. ಕೊನೆಗೆ ಅಮೆರಿಕದ ಬೆಂಜಮಿನ್ ರೋಲರ್ ಎದುರು ನಿಂತರು. ಅವರು ಡಾಕ್ಟರ್ ಕೂಡ ಹೌದು. ಎರಡು ನಿಮಿಷ ಆಗುವ ಮೊದಲೇ ಮೊದಲ ಬಾರಿ ಚಿತ್ ಆದರು, ಹತ್ತು ನಿಮಿಷದೊಳಗೆ ಎರಡನೆಯ ಬಾರಿ. ಮರುದಿನ ಇನ್ನೂ ಹನ್ನೆರಡು ಜನ ಸೋತರು. ಟೂರ್ನಿಯ ಬಾಗಿಲು ತಾನಾಗಿ ತೆರೆಯಿತು.

ಫೈನಲ್ 1910ರ ಸೆಪ್ಟೆಂಬರ್ 10ರಂದು, ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಜೊತೆ. ಮೊದಲ ನಿಮಿಷದಲ್ಲೇ ಗಾಮಾ ಅವರನ್ನು ನೆಲಕ್ಕೆ ಬೀಳಿಸಿದರು. ಆದರೆ ಜಿಬಿಸ್ಕೊ ಬಹಳ ಭಾರದ ಮನುಷ್ಯ. ಹೊಟ್ಟೆ ನೆಲಕ್ಕೆ ಒತ್ತಿ ಮಲಗಿದವರು ಏಳಲೇ ಇಲ್ಲ. ಎರಡು ಗಂಟೆ 35 ನಿಮಿಷ ಹೀಗೇ ನಡೆಯಿತು. ನೋಡುವವರಿಗೆ ಬೇಸರವಾಯಿತು. ಕುಸ್ತಿ ನಿಕಾಲಿ ಆಗದೆ ಸಮ ಎಂದು ಬಿಟ್ಟರು. ಸೆಪ್ಟೆಂಬರ್ 17ಕ್ಕೆ ಮತ್ತೆ ಕಣಕ್ಕೆ ಕರೆದಾಗ ಜಿಬಿಸ್ಕೊ ಬರಲೇ ಇಲ್ಲ. ಜಾನ್ ಬುಲ್ ಬೆಲ್ಟ್ ಮತ್ತು 250 ಪೌಂಡ್ ಗಾಮಾ ಅವರ ಪಾಲಾಯಿತು. ನಮ್ಮ ದೇಶ ಇಂಗ್ಲಿಷರ ಕೈಯಲ್ಲಿದ್ದ ಕಾಲವದು. ಅವರ ರಾಜಧಾನಿಯಲ್ಲೇ ನಮ್ಮವರೊಬ್ಬರು ಗೆದ್ದರು ಎಂಬ ಸುದ್ದಿ ಇಲ್ಲಿ ಹೇಗೆ ಹಬ್ಬಿರಬಹುದು, ಯೋಚಿಸಿ.

ಊರಿಗೆ ಬಂದ ಮೇಲೆ ಅಲಹಾಬಾದಿನಲ್ಲಿ ರಹೀಂ ಬಕ್ಷ್ ಸುಲ್ತಾನಿವಾಲಾ ಅವರನ್ನು ಸೋಲಿಸಿ ರುಸ್ತುಂ-ಎ-ಹಿಂದ್ ಆದರು. ರಹೀಂ ಸುಮಾರು ಏಳು ಅಡಿ ಎತ್ತರ ಎನ್ನುತ್ತಾರೆ, ಗಾಮಾ ಅವರಿಗೆ ನಿಜವಾದ ಜೋಡಿ ಅವರೊಬ್ಬರೇ. 1928ರಲ್ಲಿ ಪಟಿಯಾಲಾದ ಮಹಾರಾಜರು ಜಿಬಿಸ್ಕೊ ಅವರನ್ನು ಕರೆಸಿ ಹಳೆಯ ಲೆಕ್ಕ ಮುಗಿಸಲು ಅವಕಾಶ ಕೊಟ್ಟರು. ಗಾಮಾ ಅವರಿಗೆ ಆಗ ಐವತ್ತರ ಹತ್ತಿರ. ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ, ಜಿಬಿಸ್ಕೊ ಚಿತ್.

1947ರಲ್ಲಿ ಅವರು ಲಾಹೋರಿನಲ್ಲಿದ್ದರು. ಗಲಾಟೆಯ ಆ ದಿನಗಳಲ್ಲಿ ತಮ್ಮ ಬೀದಿಯ ಹಿಂದೂಗಳನ್ನು ಕೊಲ್ಲಲು ಬಂದ ಗುಂಪಿಗೆ ಅವರು ಅಡ್ಡ ನಿಂತರು, ನೆರೆಯವರನ್ನು ಕಾಪಾಡಿ ಖರ್ಚಿಗೆ ಹಣ ಕೊಟ್ಟು ಗಡಿಯ ಕಡೆ ಕಳಿಸಿದರು. ನನ್ನ ಮಟ್ಟಿಗೆ ಇದು ಜಾನ್ ಬುಲ್ ಬೆಲ್ಟಿಗಿಂತ ದೊಡ್ಡದು. ಆ ದಿನ ಅವರ ಕೈ ಹಿಡಿಯಲು ರೆಫರಿ ಇರಲಿಲ್ಲ, ಮಹಾರಾಜರೂ ಇರಲಿಲ್ಲ.

ಇಲ್ಲಿಂದ ಕಥೆ ಇಳಿಯುತ್ತದೆ. ಸಂಸ್ಥಾನಗಳು ಹೋದವು, ಅವುಗಳ ಜೊತೆ ಆಶ್ರಯವೂ ಹೋಯಿತು. ರಾಜರು ಪೈಲ್ವಾನರನ್ನು ಸಾಕುತ್ತಿದ್ದದ್ದು ಆನೆ, ಕುದುರೆ ಸಾಕಿದ ಹಾಗೆ, ತಮ್ಮ ಮರ್ಯಾದೆಗೆ. ಪೆನ್ಷನ್ ಎಂಬ ಕಾಗದ ಯಾರ ಕೈಯಲ್ಲೂ ಇರಲಿಲ್ಲ. ಇಡೀ ಜೀವನದಲ್ಲಿ ಸೋಲದ ಗಾಮಾ ಕೊನೆಗೆ ಕಾಯಿಲೆ ಬಿದ್ದು ಹಣಕ್ಕೆ ಕಷ್ಟಪಟ್ಟರು. ಸುದ್ದಿ ಗಡಿ ದಾಟಿ ಬಂದಾಗ ಭಾರತದ ಉದ್ಯಮಿ ಜಿ.ಡಿ. ಬಿರ್ಲಾ 2000 ರೂಪಾಯಿ ಕಳಿಸಿ, ತಿಂಗಳಿಗೆ 300 ರೂಪಾಯಿ ಗೊತ್ತುಮಾಡಿದರು. ಪಾಕಿಸ್ತಾನ ಸರಕಾರವೂ ಜಮೀನು ಮತ್ತು ಔಷಧದ ಖರ್ಚು ಕೊಟ್ಟಿತು. 1960ರ ಮೇ 23ರಂದು ಲಾಹೋರಿನಲ್ಲಿ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಮುಂದಿನ ಪೀಳಿಗೆಯಲ್ಲಿ ಇಮಾಮ್ ಬಕ್ಷ್ ಅವರ ಮಗ ಅಕ್ರಂ 1976ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಜಪಾನಿನ ಇನೋಕಿ ಎದುರು ಸೋತರು. ಅದೇ ಇನೋಕಿ ಆ ವರ್ಷ ಜೂನ್‌ನಲ್ಲಿ ಟೋಕಿಯೋದಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಜೊತೆ ಹದಿನೈದು ಸುತ್ತು ಆಡಿ ಸಮ ಮಾಡಿಕೊಂಡಿದ್ದರು.

ನಮ್ಮ ಭಾಗದಲ್ಲಿ ಜಾತ್ರೆ, ಉರುಸು ಬಂದರೆ ಈಗಲೂ ಕುಸ್ತಿ ಇದೆ. ಸಣ್ಣ ಹುಡುಗರಿಗೆ ತೆಂಗಿನಕಾಯಿ, ಕೊನೆಯ ಜೋಡಿಗೆ ಬೆಳ್ಳಿ ಕಡಗ. ಮೈಸೂರು ದಸರಾದಲ್ಲೂ ಇದೆ. ಆದರೆ ಜಾತ್ರೆ ವರ್ಷಕ್ಕೆ ಒಂದು ದಿನ, ಹೊಟ್ಟೆ ವರ್ಷಕ್ಕೆ 365 ದಿನ. ನನ್ನ ನಾನಾ ಕೂಡ ಕಣಕ್ಕೆ ಇಳಿದವರು. ಗೆದ್ದ ಕಡಗ ಅಮ್ಮಿಯ ಮದುವೆಗೆ ಕರಗಿ ಕಾಲ್ಗೆಜ್ಜೆ ಆಯಿತು, ನಾನಾ ದಾಲ್ ಮಿಲ್ಲಿನಲ್ಲಿ ಚೀಲ ಹೊತ್ತರು. ಜನ ಕುಸ್ತಿ ನೋಡುವುದು ಬಿಟ್ಟರು, ಮೊಬೈಲು, ಕ್ರಿಕೆಟ್ ಬಂತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನೋಡುವವರು ಕಡಿಮೆ ಆಗುವ ಎಷ್ಟೋ ಮೊದಲೇ ಊಟ ಹಾಕುವವರು ಹೋಗಿದ್ದರು.

ಹಾಗಾದರೆ ರಾಜರ ಜಾಗಕ್ಕೆ ಈಗ ಯಾರು? ಒಲಿಂಪಿಕ್ಸ್ ಅನ್ನೋಣ ಎಂದರೆ 2013ರಲ್ಲಿ ಕುಸ್ತಿಯನ್ನೇ ಅಲ್ಲಿಂದ ತೆಗೆಯಲು ಹೊರಟು, ಏಳು ತಿಂಗಳಲ್ಲಿ ಮತ್ತೆ ಸೇರಿಸಿದರು. ಬಾಕ್ಸಿಂಗ್ ಕಥೆಯೂ ಅದೇ, 2028ರ ಪಟ್ಟಿಯಲ್ಲಿ ಮೊದಲು ಇರಲಿಲ್ಲ, 2025ರಲ್ಲಿ ಸೇರಿತು. ನನಗೆ ಭರವಸೆ ಕಾಣುವುದು ನಿಜಾಮಾಬಾದಿನಲ್ಲಿ. ನಮ್ಮ ಹಾಗೆ ಹಿಂದೆ ನಿಜಾಮರ ರಾಜ್ಯದಲ್ಲಿದ್ದ ಆ ಊರಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ಬಾಕ್ಸಿಂಗಿನಲ್ಲಿ ವಿಶ್ವ ಚಾಂಪಿಯನ್ ಆದರು. ತೆಲಂಗಾಣ ಸರಕಾರ ಅವರನ್ನು ಡಿಎಸ್‌ಪಿ ಮಾಡಿದೆ. ಸಂಬಳದ ಚೀಟಿ ಇರುವ ಹುದ್ದೆ. ಗಾಮಾ ಅವರಿಗೆ ಸಿಗದೇ ಹೋದದ್ದು ಅದೊಂದೇ.

ಇದೆಲ್ಲ ನಾನು ಓದಿದ್ದು ನನ್ನ ತಮ್ಮನಿಗಾಗಿ. ಒಂಬತ್ತನೇ ತರಗತಿ, ಪೈಲ್ವಾನ್ ಆಗಬೇಕಂತೆ. ಅಮ್ಮಿ ಬೇಡ ಅನ್ನುತ್ತಾರೆ, ಅಪ್ಪನ ಕೈಯಲ್ಲಿ ಚೀಲ ನೋಡಿದವರು. ಅಬ್ಬಾ ಏನೂ ಹೇಳದೆ ನನ್ನ ಲೆಕ್ಕದ ಹಾಳೆಯನ್ನು ಎರಡು ಸಲ ಓದಿದರು. ಸದ್ಯಕ್ಕೆ ದಿನಕ್ಕೆ ಒಂದು ಲೀಟರ್ ಹೆಚ್ಚು ಹಾಲಿಗೆ ಒಪ್ಪಿದ್ದಾರೆ. ಬಾದಾಮಿ ಆಗುವುದಿಲ್ಲ, ರಾತ್ರಿ ಶೇಂಗಾ ನೆನೆಸಿಡುತ್ತಿದ್ದೇವೆ.