ಕುದ್ಮುಲ್ ರಂಗರಾಯರು (1859-1928)

ಶಾಲೆಯ ಬಾಗಿಲು ಮುಚ್ಚಿದ್ದ ಮಕ್ಕಳಿಗೆ ವಿದ್ಯೆಯ ದಾರಿ ತೆರೆದ ಮಹನೀಯರಲ್ಲಿ ಕುದ್ಮುಲ್ ರಂಗರಾಯರು ಅಗ್ರಗಣ್ಯರು. ಇಂದಿನ ಕೇರಳದ ಕಾಸರಗೋಡಿನ ಕುದ್ಮುಲ್ ಗ್ರಾಮದ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ 1859ರಲ್ಲಿ ಜನಿಸಿದರು. ಪ್ರಾಥಮಿಕ ಶಿಕ್ಷಣ ಕಾಸರಗೋಡಿನಲ್ಲಾಯಿತು. ಹದಿನಾರನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಭಾರ ಹೆಗಲಿಗೇರಿ ಓದಿಗೆ ಅಡ್ಡಿಯಾಯಿತು.

ಉದ್ಯೋಗವನ್ನರಸಿ ಮಂಗಳೂರಿಗೆ ಬಂದ ಅವರು ತಿಂಗಳಿಗೆ 8 ರೂಪಾಯಿ ಸಂಬಳದ ಶಿಕ್ಷಕರಾದರು. ಪಾಠ ಹೇಳುತ್ತಲೇ ತಾವೂ ಓದಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಮುಂದೆ ಪ್ಲೀಡರ್ ಪರೀಕ್ಷೆಯನ್ನೂ ಮುಗಿಸಿ ವಕೀಲರಾದರು. ಬ್ರಹ್ಮಸಮಾಜದ ವಿಚಾರಗಳು ಅವರನ್ನು ಸಮಾಜ ಸುಧಾರಣೆಯೆಡೆಗೆ ಸೆಳೆದವು.

ಆ ಕಾಲದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಸಾಮಾನ್ಯ ಶಾಲೆಗಳಲ್ಲಿ ಪ್ರವೇಶವಿರಲಿಲ್ಲ. ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿ ಶಾಲೆಯೊಂದನ್ನು ತೆರೆದರು. ಮೇಲ್ಜಾತಿಯ ಶಿಕ್ಷಕರು ಕಲಿಸಲು ಮುಂದೆ ಬಾರದಿದ್ದಾಗ ಕ್ರೈಸ್ತ ಶಿಕ್ಷಕರು ನೆರವಾದರು. ವಿರೋಧದಿಂದಾಗಿ ಶಾಲೆ ನಡೆಸುವುದೇ ದುಸ್ತರವಾಯಿತು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಆದರೂ ಎದೆಗುಂದದೆ ಅವರು ಮಂಗಳೂರಿನ ಇತರ ಭಾಗಗಳಲ್ಲಿಯೂ ಉಡುಪಿಯಲ್ಲಿಯೂ ಶಾಲೆಗಳನ್ನು ಸ್ಥಾಪಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಹುಟ್ಟುಹಾಕಿದರು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬಂದು ಉಳಿಯುವುದಿಲ್ಲವೆಂಬುದನ್ನು ರಂಗರಾಯರು ಅರಿತಿದ್ದರು. ಮಗು ಶಾಲೆಗೆ ಹೋದರೆ ಬಡ ಕುಟುಂಬಕ್ಕೆ ಆ ದಿನದ ದುಡಿಮೆ ತಪ್ಪುತ್ತಿತ್ತು. ಆದುದರಿಂದ ಶಾಲೆಗೆ ಹಾಜರಾದ ಪ್ರತಿ ಮಗುವಿಗೂ ದಿನಕ್ಕೆ ಎರಡು ಪೈಸೆ ಪ್ರೋತ್ಸಾಹಧನ ನೀಡಿದರು; ಮಧ್ಯಾಹ್ನದ ಊಟದ ವ್ಯವಸ್ಥೆ ಮಾಡಿದರು. ಮಂಗಳೂರಿನ ಶೇಡಿಗುಡ್ಡೆಯಲ್ಲಿ ಶಾಲೆಯೊಡನೆ ವಿದ್ಯಾರ್ಥಿನಿಲಯ, ನೇಯ್ಗೆ ಹಾಗೂ ಮರಗೆಲಸದ ತರಬೇತಿಯನ್ನೂ ಆರಂಭಿಸಿದರು. ಹಸಿವು, ಕೂಲಿ, ವಸತಿ ಇವೇ ಓದನ್ನು ಅರ್ಧಕ್ಕೆ ನಿಲ್ಲಿಸುವ ಕಾರಣಗಳೆಂದು ಗುರುತಿಸಿ, ಒಂದೊಂದಕ್ಕೂ ಪರಿಹಾರ ಒದಗಿಸಿದುದು ಅವರ ಸೇವೆಯ ವೈಶಿಷ್ಟ್ಯ.

ತಮ್ಮ ಮಗಳು ರಾಧಾಬಾಯಿಯವರ ವಿವಾಹವನ್ನು ಅನ್ಯ ಜಾತಿಯವರಾದ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ನೆರವೇರಿಸಿ, ಜಾತಿಭೇದದ ನಿರಾಕರಣೆಯನ್ನು ಮನೆಯಲ್ಲಿಯೂ ಆಚರಣೆಗೆ ತಂದರು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತದ ಮುಖ್ಯ ಸಚಿವರಾದರು.

ಜೀವನದ ಕೊನೆಯಲ್ಲಿ ಸನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದ ರಂಗರಾಯರು 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಮಹಾತ್ಮ ಗಾಂಧೀಜಿಯವರು ಅವರ ಸಂಸ್ಥೆಗೆ ಭೇಟಿ ನೀಡಿ ಗೌರವ ಸಲ್ಲಿಸಿದರು. ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರನ್ನಿಡಲಾಗಿದೆ. ಓದು ನಿಂತುಹೋದ ಬಾಲಕನೊಬ್ಬನು ಅದನ್ನು ತಾನು ಪೂರೈಸಿದುದಲ್ಲದೆ, ಸಾವಿರಾರು ಮಕ್ಕಳ ಓದಿಗೂ ಆಸರೆಯಾದ ಈ ಬದುಕು ಚಿರಸ್ಮರಣೀಯವಾದುದು.