ಕುಂದಗೋಳದ ರೈಲು ಮತ್ತು ನಿಮ್ಮ ಅರ್ಧ ಗಂಟೆ

ಮದುವೆಗೆ ಮುಂಚೆ ಸಂಗೀತ ಕಲೀತಿದ್ರಿ ಅಲ್ವಾ? ಜೂನಿಯರ್ ಪಾಸಾಗಿತ್ತು, ಸೀನಿಯರ್ ಪರೀಕ್ಷೆಗೆ ಕಟ್ಟಬೇಕು ಅನ್ನುವಷ್ಟರಲ್ಲಿ ಮದುವೆ, ಬೆಂಗಳೂರು, ಮಕ್ಕಳು. ಸಕಲೇಶಪುರದ ಕಡೆಯ ಬೆಳಗೋಡಿನಿಂದಲೋ, ಆಲೂರಿನಿಂದಲೋ ಜತನವಾಗಿ ತಂದ ಶ್ರುತಿಪೆಟ್ಟಿಗೆ ಈಗ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಯಾರಾದರೂ ಕೇಳಿದರೆ ಟೈಮ್ ಎಲ್ಲಿದೆ ರೀ ಅನ್ನುತ್ತೀರಿ. ಸುಳ್ಳೇನಲ್ಲ. ಆದರೂ ಕುಕ್ಕರ್ ಕೂಗುವುದರೊಳಗೆ ಗಂಗೂಬಾಯಿ ಹಾನಗಲ್ ಅವರ ಕಥೆ ಓದಿಬಿಡಿ.

ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯಲು ಹೊರಟಾಗ, ಎರಡು ಪದ್ಧತಿ ಬೆರೆತು ಅವಳ ಗಾಯನ ಕೆಡಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು! ಮಗಳ ಪಾಠಕ್ಕಾಗಿ 1928ರಲ್ಲಿ ಸಂಸಾರವೇ ಹುಬ್ಬಳ್ಳಿಗೆ ಬಂತು.

ಹದಿನಾರಕ್ಕೆ ವಕೀಲ ಗುರುರಾವ್ ಕೌಲಗಿ ಅವರ ಕೈಹಿಡಿದರು. ಮೂರು ಮಕ್ಕಳು. 1932ರಲ್ಲಿ ತಾಯಿ ತೀರಿಕೊಂಡಾಗ ಗಂಗೂಬಾಯಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬರಬರುತ್ತಾ ಮನೆಯ ಖರ್ಚಿನ ಭಾರವೂ ಅವರ ಹಾಡಿನ ಮೇಲೇ ಬಿತ್ತು. ಹಾಡುವ ಹೆಣ್ಣೆಂದರೆ ಜನ ಮೂಗು ಮುರಿಯುತ್ತಿದ್ದ ಕಾಲ ಅದು. ಬೀದಿಯಲ್ಲಿ ಹಾದುಹೋದರೆ ಹಂಗಿಸುವವರು, ಜಾತಿಯ ಹೆಸರಲ್ಲಿ ದೂರ ಇಡುವವರು ಬೇರೆ.

ಗುರು ಸವಾಯಿ ಗಂಧರ್ವರು ತಮ್ಮೂರು ಕುಂದಗೋಳಕ್ಕೆ ಬಂದು ನೆಲೆಸಿದ ಮೇಲೆ, ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಆ ಊರಿಗೆ ರೈಲಿನಲ್ಲಿ ಓಡಾಟ ಶುರುವಾಯಿತು. ಮನೆ, ಮಕ್ಕಳು, ರೈಲು, ಪಾಠ, ಮತ್ತೆ ರೈಲು, ಮತ್ತೆ ಮನೆ. ಭೀಮಸೇನ ಜೋಶಿಯವರೂ ಆಗ ಅಲ್ಲೇ ಕಲಿಯುತ್ತಿದ್ದರು. ಗುರುಗಳದ್ದು ಗಡಿಬಿಡಿಯ ಪಾಠವಲ್ಲ. ರಾಗಗಳು ಕೆಲವೇ. ಒಂದೇ ಪಲುಕನ್ನು ಸ್ವರ ಸರಿಯಾಗಿ ಕೂರುವ ತನಕ ಮತ್ತೆ ಮತ್ತೆ ಹಾಡಬೇಕು. ಕಿರಾನಾ ಘರಾಣೆಯ ಗುಟ್ಟೇ ಅದು.

ಅಷ್ಟಕ್ಕೇ ಮುಗಿಯಲಿಲ್ಲ ನೋಡಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಅವರ ತೆಳುವಾದ ಕಂಠ ದಪ್ಪಗಾಯಿತು. ನಾವಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆವೇನೋ. ಅವರು ಆ ದನಿಯನ್ನೇ ಪಳಗಿಸಿದರು, ಅದೇ ಅವರ ಗುರುತಾಯಿತು. 1966ರಲ್ಲಿ ಪತಿ ತೀರಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂತು. ಜೊತೆಗೆ ಕೂತು ಹಾಡುತ್ತಿದ್ದ ಮಗಳು ಕೃಷ್ಣಾ 2004ರಲ್ಲಿ ಕಣ್ಮರೆಯಾದರು. ಆ ನೋವಿನ ಮೇಲೂ 2006ರಲ್ಲಿ ಕೊನೆಯ ಕಛೇರಿ ಕೊಟ್ಟು, 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದರು.

ನಾವೆಲ್ಲ ಗಂಗೂಬಾಯಿ ಆಗಬೇಕಿಲ್ಲ, ಬಿಡಿ. ಆದರೆ ಬಿಡುವಾದಾಗ ಹಾಡೋಣ ಅಂತ ಅವರು ಕಾದಿದ್ದರೆ ಆ ಬಿಡುವು ಬರುತ್ತಲೇ ಇರಲಿಲ್ಲ. ಅವರ ಬದುಕಿನಿಂದ ನಾವು ಇಷ್ಟು ತೆಗೆದುಕೊಳ್ಳಬಹುದು:

* ರೈಲು ನಮಗಾಗಿ ಕಾಯುವುದಿಲ್ಲ. ನಿಮ್ಮ ಅಭ್ಯಾಸಕ್ಕೂ ಹಾಗೇ ಒಂದು ಹೊತ್ತು ಗೊತ್ತು ಮಾಡಿ. ಮಕ್ಕಳ ಸ್ಕೂಲ್ ವ್ಯಾನ್ ಹೋದ ತಕ್ಷಣದ ಅರ್ಧ ಗಂಟೆ ಒಳ್ಳೆಯದು. ಪಾತ್ರೆ ತೊಳೆದು ಕೂರುತ್ತೇನೆ ಅಂದರೆ ಆ ದಿನ ಹೋಯಿತು ಅಂತಲೇ ಲೆಕ್ಕ.
* ಶ್ರುತಿಪೆಟ್ಟಿಗೆ ಅಟ್ಟದಿಂದ ಇಳಿಯಲಿ, ಕಣ್ಣಿಗೆ ಬೀಳುವ ಕಡೆ ಇರಲಿ. ಕೆಟ್ಟಿದ್ದರೆ ಮೊಬೈಲ್‌ನಲ್ಲೇ ತಂಬೂರಿ ಸಿಗುತ್ತದೆ.
* ತಿಂಗಳಿಗೆ ಒಂದೇ ರಾಗ ಸಾಕು. ಮೊದಲ ಹತ್ತು ನಿಮಿಷ ಬರೀ ಸ್ವರ ನಿಲ್ಲಿಸಿ, ಆಮೇಲೆ ಒಂದೇ ಸಾಲು.
* ವರ್ಷಗಳ ನಂತರ ಹಾಡಿದಾಗ ದನಿ ಒಡೆಯುತ್ತದೆ, ಮೇಲಿನ ಷಡ್ಜ ಸಿಗುವುದಿಲ್ಲ. ಅತ್ತುಬಿಡಬೇಡಿ. ಶ್ರುತಿ ಒಂದು ಮನೆ ಇಳಿಸಿಕೊಳ್ಳಿ.
* ಅಂಬಾಬಾಯಿಯ ತ್ಯಾಗ ಮರೆಯಬೇಡಿ. ಒಬ್ಬರು ಹಾಡಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಸ್ವಲ್ಪ ಬಿಟ್ಟುಕೊಡಬೇಕು. ಯಜಮಾನರಿಗೆ ಬಾಯಿಬಿಟ್ಟು ಹೇಳಿ. ಡಿಕಾಕ್ಷನ್‌ಗೆ ಹಾಲು ಬೆರೆಸಿಕೊಳ್ಳಲು ಅವರಿಗೂ ಬರುತ್ತದೆ.

ನಾಳೆ ವ್ಯಾನ್ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಒಂದು ಸಲ ಸಾ ಹಿಡಿದು ನೋಡಿ. ಪಕ್ಕದ ಮನೆಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ!