ಐದು ಅಡಿ ಎರಡು ಅಂಗುಲದ ಪ್ರಧಾನಿ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ನಾಣ್ಣುಡಿಯನ್ನು ನಾವು ಮೆಚ್ಚುಗೆಯ ಮಾತೆಂದೇ ಬಳಸುತ್ತೇವೆ. ಅದರೊಳಗಿನ ‘ಆದರೂ’ ಎಂಬ ಪದವನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಚಿಕ್ಕ ಮೂರ್ತಿಗೆ ದೊಡ್ಡ ಕೀರ್ತಿ ಸಹಜವಲ್ಲ, ಅದು ಅಪವಾದ ಎಂಬ ತೀರ್ಮಾನ ಆ ಪದದಲ್ಲಿ ಅಡಗಿದೆ. ಕುಳ್ಳ ಎಂಬುದು ಶಾಲೆಯಲ್ಲಿ ಅಡ್ಡಹೆಸರು, ಚಲನಚಿತ್ರದಲ್ಲಿ ನಗೆಪಾತ್ರ. ವಧೂವರರ ಜಾಹೀರಾತಿನಲ್ಲಿ ವಿದ್ಯೆ, ವೇತನಗಳ ಪಕ್ಕದಲ್ಲೇ ಅಡಿ-ಅಂಗುಲಗಳ ಲೆಕ್ಕವಿರುತ್ತದೆ. ಕುಳ್ಳರು ಕುಟಿಲರು, ಮುಂಗೋಪಿಗಳು ಎಂದು ಹೇಳಲು ಸುಶಿಕ್ಷಿತರೂ ಹಿಂಜರಿಯುವುದಿಲ್ಲ. ಈ ಪೂರ್ವಗ್ರಹ ಕೇವಲ ತಮಾಷೆಯ ವಿಷಯವಲ್ಲ, ಅದು ರಾಷ್ಟ್ರಗಳ ಲೆಕ್ಕಾಚಾರವನ್ನೂ ತಪ್ಪಿಸಬಲ್ಲದು ಎಂಬುದಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಬದುಕು ಸಾಕ್ಷಿ.

1904ರ ಅಕ್ಟೋಬರ್ 2ರಂದು ಮೊಘಲ್‌ಸರಾಯ್‌ನಲ್ಲಿ ಜನಿಸಿದ ಅವರು ಇನ್ನೂ ಅಂಬೆಗಾಲಿಡುವ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ರಾಮ್‌ದುಲಾರಿ ದೇವಿ ತವರಿನ ಆಶ್ರಯದಲ್ಲಿ ಮಗನನ್ನು ಬೆಳೆಸಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಾಲೆ ತೊರೆದ ಹುಡುಗ ಬಳಿಕ ಕಾಶಿ ವಿದ್ಯಾಪೀಠ ಸೇರಿ 1925ರಲ್ಲಿ ಶಾಸ್ತ್ರಿ ಪದವಿ ಪಡೆದರು. ಜಾತಿಸೂಚಕವಾದ ವರ್ಮ ಎಂಬ ಹೆಸರನ್ನು ಅದಕ್ಕೂ ಮೊದಲೇ ಕೈಬಿಟ್ಟಿದ್ದರು. ಪದವಿಯೇ ಹೆಸರಾಗಿ ಉಳಿಯಿತು. 1928ರಲ್ಲಿ ಲಲಿತಾ ದೇವಿಯವರನ್ನು ವಿವಾಹವಾದಾಗ ವರನ ಕಡೆಯವರು ಸ್ವೀಕರಿಸಿದ್ದು ಒಂದು ಚರಕ ಮತ್ತು ಕೆಲವು ಗಜ ಖಾದಿ. ಸ್ವಾತಂತ್ರ್ಯ ಹೋರಾಟದಲ್ಲಿ ಅವರು ಹಲವು ಬಾರಿ ಸೆರೆಮನೆ ಸೇರಿ ಒಟ್ಟು ಸುಮಾರು ಒಂಬತ್ತು ವರ್ಷಗಳನ್ನು ಅಲ್ಲಿ ಕಳೆದರು.

ಸ್ವಾತಂತ್ರ್ಯಾನಂತರ ಉತ್ತರ ಪ್ರದೇಶದಲ್ಲಿ ಪೊಲೀಸ್ ಖಾತೆಯ ಸಚಿವರಾದರು. ಇಲ್ಲೊಂದು ವ್ಯಂಗ್ಯವಿದೆ. ನಮ್ಮ ರಾಜ್ಯದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆ ಬಯಸುವ ಪುರುಷರು ಸಾಮಾನ್ಯವಾಗಿ 168 ಸೆಂಟಿಮೀಟರ್ ಎತ್ತರವಿರಬೇಕು. ಶಾಸ್ತ್ರಿಯವರ ಎತ್ತರ ಸುಮಾರು ಐದು ಅಡಿ ಎರಡು ಅಂಗುಲ, ಅಂದರೆ 157 ಸೆಂಟಿಮೀಟರ್. ಪೊಲೀಸ್ ಇಲಾಖೆಯನ್ನೂ, 1961ರಿಂದ ದೇಶದ ಗೃಹ ಖಾತೆಯನ್ನೂ ನಿರ್ವಹಿಸಿದ ವ್ಯಕ್ತಿ ಈ ಅಳತೆಗೋಲಿನ ಮುಂದೆ ನಿಂತಿದ್ದರೆ ಮೊದಲ ಸುತ್ತಿನಲ್ಲೇ ಮನೆಗೆ ಮರಳಬೇಕಾಗುತ್ತಿತ್ತು.

ಆದರೆ ಆಡಳಿತದಲ್ಲಿ ಅವರ ನಿಲುವು ಬೇರೆಯೇ ಮಟ್ಟದ್ದು. 1956ರಲ್ಲಿ ಮೆಹಬೂಬ್‌ನಗರದ ಬಳಿ ರೈಲು ದುರಂತ ಸಂಭವಿಸಿದಾಗ ರೈಲ್ವೆ ಸಚಿವರಾಗಿದ್ದ ಅವರು ರಾಜೀನಾಮೆಗೆ ಮುಂದಾದರು, ನೆಹರೂ ಒಪ್ಪಲಿಲ್ಲ. ಅದೇ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಮತ್ತೊಂದು ದುರಂತ ನೂರಕ್ಕೂ ಹೆಚ್ಚು ಜೀವ ತೆಗೆದಾಗ ನೈತಿಕ ಹೊಣೆ ಹೊತ್ತು ಅಧಿಕಾರದಿಂದ ಇಳಿದೇಬಿಟ್ಟರು. ಗೃಹ ಸಚಿವರಾಗಿ ಭ್ರಷ್ಟಾಚಾರ ತಡೆಗೆ ಸಂತಾನಂ ಸಮಿತಿ ನೇಮಿಸಿದರು. ಸಿಬಿಐ 1963ರಲ್ಲಿ ರೂಪುಗೊಂಡದ್ದೂ ಅವರ ಅವಧಿಯಲ್ಲೇ.

1964ರ ಮೇ 22ರಂದು ಅವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆ ನೆರವೇರಿಸಿದರು. ಐದು ದಿನಗಳಲ್ಲಿ ನೆಹರೂ ನಿಧನರಾದರು. ಜೂನ್ 9ರಂದು ಶಾಸ್ತ್ರಿ ಪ್ರಧಾನಿಯಾದಾಗ ನೆಹರೂ ಅವರ ಸ್ಥಾನವನ್ನು ಈ ಪುಟ್ಟ ಮನುಷ್ಯ ತುಂಬಬಲ್ಲರೇ ಎಂಬ ಅನುಮಾನ ದೇಶ-ವಿದೇಶಗಳಲ್ಲಿ ವ್ಯಕ್ತವಾಯಿತು. ಮೆಲುದನಿ, ಸಾದಾ ಧೋತಿ, ಗಿಡ್ಡ ಮೈಕಟ್ಟು ಮೂರೂ ಸೇರಿ ಅವರ ದೌರ್ಬಲ್ಯಕ್ಕೆ ಪುರಾವೆಯಾದವು. ಅದೇ ಅಕ್ಟೋಬರ್‌ನಲ್ಲಿ ಕರಾಚಿಯಲ್ಲಿ ಅವರನ್ನು ಭೇಟಿ ಮಾಡಿದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಆರಡಿ ಮೀರಿದ ಆಜಾನುಬಾಹು ಸೇನಾಧಿಕಾರಿ. ಶಾಸ್ತ್ರಿಯವರನ್ನು ಅವರು ಹಗುರವಾಗಿ ಕಂಡರೆಂದು ಆ ಕಾಲದ ಚರಿತ್ರೆ ಬರೆದ ಅನೇಕರು ದಾಖಲಿಸಿದ್ದಾರೆ.

1965ರ ಯುದ್ಧಕ್ಕೆ ಎತ್ತರವೇ ಕಾರಣವೆಂದರೆ ಅತಿಶಯವಾದೀತು. 1962ರ ಸೋಲು, ಕಾಶ್ಮೀರದ ರಾಜಕೀಯ, ಅಮೆರಿಕದ ಶಸ್ತ್ರಾಸ್ತ್ರಗಳು ಇವೆಲ್ಲ ಪಾಕಿಸ್ತಾನದ ಲೆಕ್ಕದಲ್ಲಿದ್ದವು. ಆದರೆ ದೆಹಲಿಯಲ್ಲಿ ದಿಟ್ಟ ನಾಯಕನಿಲ್ಲ ಎಂಬ ಊಹೆಯೂ ಆ ಲೆಕ್ಕದ ಒಂದು ಬಾಬತ್ತಾಗಿತ್ತು. ಸೆಪ್ಟೆಂಬರ್ 1ರಂದು ಛಾಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದವು. ಸೆಪ್ಟೆಂಬರ್ 6ರಂದು ಭಾರತೀಯ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರ್‌ನತ್ತ ಸಾಗಿತು. ಯುದ್ಧವನ್ನು ಕಾಶ್ಮೀರಕ್ಕಷ್ಟೇ ಸೀಮಿತಗೊಳಿಸಬಹುದೆಂಬ ನಿರೀಕ್ಷೆ ಅಲ್ಲಿಗೆ ಕುಸಿಯಿತು.

ಅದೇ ಅವಧಿಯಲ್ಲಿ ಅವರು ಹಸಿವಿನ ವಿರುದ್ಧವೂ ಹೋರಾಡುತ್ತಿದ್ದರು. ದೇಶ ಅಮೆರಿಕದ ಗೋಧಿಯನ್ನು ನೆಚ್ಚಿತ್ತು. ಸಿ. ಸುಬ್ರಹ್ಮಣ್ಯಂ ಅವರಿಗೆ ಕೃಷಿ ಖಾತೆ ವಹಿಸಿ ಅವರ ಬೆನ್ನಿಗೆ ನಿಂತರು. ಆಹಾರ ನಿಗಮ, ಕೃಷಿ ಬೆಲೆ ಆಯೋಗ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಮೂರೂ 1965ರಲ್ಲೇ ಹುಟ್ಟಿದವು. ರೈತನಿಗೆ ನ್ಯಾಯವಾದ ಬೆಲೆ ಖಾತ್ರಿಯಿಲ್ಲದೆ ಉತ್ಪಾದನೆ ಹೆಚ್ಚದು ಎಂಬ ಅರ್ಥಶಾಸ್ತ್ರದ ಸರಳ ಸತ್ಯ ಆಡಳಿತದ ನೀತಿಯಾಗಿದ್ದು ಆಗಲೇ. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಅವರು ಕೇಳಿಕೊಂಡಾಗ ಜನ ಪಾಲಿಸಿದರು. ಕೇಳಿದವರ ಮನೆಯಲ್ಲೂ ಅದು ಪಾಲನೆಯಾಗುತ್ತದೆಂಬ ನಂಬಿಕೆ ಜನರಿಗಿತ್ತು.

1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಹಾಜಿ ಪೀರ್ ಕಣಿವೆಮಾರ್ಗ ಸೇರಿದಂತೆ ಗೆದ್ದ ನೆಲವನ್ನು ಬಿಟ್ಟುಕೊಡುವ ಆ ನಿರ್ಧಾರ ಸ್ವದೇಶದಲ್ಲಿ ಟೀಕೆಗೆ ಗುರಿಯಾಗುವುದೆಂದು ಬಲ್ಲರೂ ಶಾಂತಿಯನ್ನು ಆಯ್ದುಕೊಂಡರು. ಕೆಲವೇ ಗಂಟೆಗಳಲ್ಲಿ, 11ರ ನಸುಕಿಗೂ ಮುನ್ನ, ಅಲ್ಲೇ ಕೊನೆಯುಸಿರೆಳೆದರು. ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅಯೂಬ್ ಖಾನ್ ಒಬ್ಬರು. ಹತ್ತೊಂಬತ್ತು ತಿಂಗಳು ಪ್ರಧಾನಿಯಾಗಿದ್ದವರು ಬಿಟ್ಟುಹೋದದ್ದು ಕಾರಿಗಾಗಿ ಪಡೆದ ಬ್ಯಾಂಕ್ ಸಾಲ. ಪತ್ನಿ ಅದನ್ನು ತಮ್ಮ ಪಿಂಚಣಿಯಿಂದ ತೀರಿಸಿದರು.

ಕುಳ್ಳರ ಬಗೆಗಿನ ಪೂರ್ವಗ್ರಹ ಎರಡು ಅಲಗಿನ ಕತ್ತಿ. ಸೌಮ್ಯನಾದರೆ ಅಶಕ್ತ; ದೃಢನಾದರೆ ಕೀಳರಿಮೆಯಿಂದ ಅಬ್ಬರಿಸುವವ. ಎರಡನೆಯ ಆರೋಪಕ್ಕೆ ನೆಪೋಲಿಯನ್‌ನನ್ನು ಉದಾಹರಿಸುವುದು ರೂಢಿ. ಆದರೆ ಫ್ರಾನ್ಸಿನ ಹಳೆಯ ಅಂಗುಲ ಇಂಗ್ಲೆಂಡಿನದಕ್ಕಿಂತ ದೊಡ್ಡದು; ಆತ ತನ್ನ ಕಾಲದ ಸಾಮಾನ್ಯ ಎತ್ತರದವನೇ. ಶಾಸ್ತ್ರಿಯವರು ಲಾಹೋರ್‌ನ ಮೂಲಕ ಮೊದಲ ಆರೋಪವನ್ನೂ, ತಾಷ್ಕೆಂಟ್‌ನ ಮೂಲಕ ಎರಡನೆಯದನ್ನೂ ಸುಳ್ಳಾಗಿಸಿದರು.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಸೇವೆಯಲ್ಲಿದ್ದಾಗ ನಾನು ಸದಸ್ಯನಾಗಿದ್ದ ಆಯ್ಕೆ ಸಮಿತಿಯೊಂದರ ಮುಂದೆ ಎಲ್ಲ ಪ್ರಶ್ನೆಗೂ ಸಮರ್ಪಕ ಉತ್ತರ ಕೊಟ್ಟ ಗಿಡ್ಡ ಯುವಕನೊಬ್ಬನಿದ್ದ. ವ್ಯಕ್ತಿತ್ವ ಸಾಲದು ಎಂಬ ಷರಾದೊಂದಿಗೆ ಅವನನ್ನು ಕೈಬಿಡಲಾಯಿತು. ಆ ಷರಾದ ಕೆಳಗೆ ನನ್ನ ಸಹಿಯೂ ಇತ್ತು. ಕಾಣದ ಯೋಗ್ಯತೆಯನ್ನು ಕಾಣುವ ಅಳತೆಯಿಂದ ಊಹಿಸುವುದು ಸುಲಭ. ಅದರ ನಷ್ಟ ಯಾವ ಲೆಕ್ಕಪತ್ರದಲ್ಲೂ ದಾಖಲಾಗುವುದಿಲ್ಲ. ಆಲಮಟ್ಟಿಯ ಜಲಾಶಯಕ್ಕೆ ಶಾಸ್ತ್ರಿಯವರ ಹೆಸರಿಟ್ಟು ಗೌರವಿಸಿದ್ದೇವೆ. ಸಂದರ್ಶನದ ಕೊಠಡಿಯಲ್ಲೂ ಮದುವೆಯ ಮಾತುಕತೆಯಲ್ಲೂ ಆ ‘ಆದರೂ’ ಪದವನ್ನು ಕೈಬಿಡುವುದು ಅವರಿಗೆ ನಾವು ಇನ್ನೂ ಸಲ್ಲಿಸಬೇಕಿರುವ ಗೌರವ.